ಧರ್ಮಕ್ಕೆ ಏಳು ದಿನ, ಎಂಟನೇ ದಿನ ಯಾರ ಕಿಸೆ?

ಕಾಣಿಯೂರಿನ ಹತ್ತಿರ ದಿನಸಿ ಅಂಗಡಿ ಇಟ್ಟುಕೊಂಡಿರುವ ನನ್ನ ಭಾವನಿಗೆ ಕಳೆದ ಮಳೆಗಾಲ ಒಂದು ದೊಡ್ಡ ಸಂಶಯ ಹುಟ್ಟಿತು. ಅಂಗಡಿಯ ಬ್ಯಾಂಕ್ ಖಾತೆಯಿಂದ ಹಣ ಹೋಗುತ್ತಿದೆ. ಮೊದಲ ತಿಂಗಳು ಐನೂರರ ಹತ್ತಿರ. ಎರಡನೇ ತಿಂಗಳು ಮತ್ತೆ ಅಷ್ಟೇ. ಕೊಟ್ಟವರು ಯಾರೂ ಇಲ್ಲ, ಕೇಳಿದವರು ಯಾರೂ ಇಲ್ಲ. ಸಂಜೆ ಗಲ್ಲಾದಲ್ಲಿ ಕೂರುವವನು ಮಗ. ಯುಪಿಐ ಪಿನ್ ಅಪ್ಪನನ್ನು ಬಿಟ್ಟರೆ ಗೊತ್ತಿರುವುದು ಅವನಿಗೆ. ಹಾಗಾದರೆ ಸಂಶಯ ಯಾರ ಮೇಲೆ ಹೋಗುತ್ತದೆ, ನೀವೇ ಹೇಳಿ.

ಒಂದು ವಾರ ಆ ಮನೆಯಲ್ಲಿ ಅಪ್ಪ, ಮಗ ಮಾತಾಡಲಿಲ್ಲ. ತಂಗಿ ಫೋನ್ ಮಾಡಿ ಅತ್ತಳು. ಆದಿತ್ಯವಾರ ನಾನು ಪುತ್ತೂರಿನಿಂದ ಸವಣೂರು ದಾರಿಯ ಬಸ್ಸು ಹತ್ತಿ ಹೋದೆ.

ಮನೆಯ ಜಗಳ ಪೇಪರಿನಲ್ಲಿ ಬರೆಯುವ ವಿಷಯ ಅಲ್ಲ. ಆದರೆ ಭಾವನೇ, "ಬರೆಯಿರಿ ಭಾವ, ನಾಲ್ಕು ಅಂಗಡಿಯವರಿಗೆ ಗೊತ್ತಾಗಲಿ, ಹೆಸರು ಮಾತ್ರ ಬೇಡ" ಅಂದದ್ದರಿಂದ ಬರೆಯುತ್ತಿದ್ದೇನೆ. ಕಂಪೆನಿಯ ಹೆಸರೂ ಬೇಡ. ಇದು ಒಂದು ಕಂಪೆನಿಯ ಕತೆ ಅಲ್ಲ, ಒಂದು ಪದ್ಧತಿಯ ಕತೆ.

ಹುಡುಗ ಎರಡನೇ ಪಿಯುಸಿ. ಆಟದ ಹುಚ್ಚು ಉಂಟು, ಓದಿನಲ್ಲಿ ಹಿಂದೆ ಇಲ್ಲ. ಅವನಿಗೆ ಬೇಕಾದ ಕಾರ್ ರೇಸಿನ ಆಟ ಚೆನ್ನಾಗಿ ಓಡಬೇಕಾದರೆ ಎಪ್ಪತ್ತು, ಎಂಬತ್ತು ಸಾವಿರದ ಕಂಪ್ಯೂಟರ್ ಬೇಕು. ಅಂದರೆ ಒಂದೂವರೆ ಕ್ವಿಂಟಾಲ್ ಚಾಲಿ ಅಡಿಕೆ. ಅಪ್ಪನ ಹತ್ತಿರ ಕೇಳುವ ಧೈರ್ಯ ಅವನಿಗೂ ಇರಲಿಲ್ಲ. ಆಗ ಅವನ ಕಣ್ಣಿಗೆ ಬಿದ್ದದ್ದು ಒಂದು ಜಾಹೀರಾತು. ಕಂಪ್ಯೂಟರ್ ಬೇಡ, ಮನೆಯ ಹಳೆಯ ಲ್ಯಾಪ್‌ಟಾಪ್ ಸಾಕು, ಆಟ ನಾವು ಕಳಿಸುತ್ತೇವೆ, ಮೊದಲ ಏಳು ದಿನ ಧರ್ಮಕ್ಕೆ!

ಧರ್ಮಕ್ಕೆ ಸಿಕ್ಕಿದ್ದನ್ನು ಬೇಡ ಅನ್ನುವವರು ನಮ್ಮೂರಿನಲ್ಲಿ ಯಾರುಂಟು ಮಾರಾಯ್ರೆ? ಪುಕ್ಕಟೆ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಎಂತ ಇದು ಮೋಡದ ಆಟ?

ಇಂಗ್ಲಿಷಿನಲ್ಲಿ ಇದಕ್ಕೆ ಕ್ಲೌಡ್ ಗೇಮಿಂಗ್ ಅನ್ನುತ್ತಾರೆ. ಕ್ಲೌಡ್ ಅಂದರೆ ಮೋಡ. ಆದರೆ ಆಕಾಶದಲ್ಲಿ ಏನೂ ಇಲ್ಲ. ಮುಂಬೈಯಲ್ಲೋ ಚೆನ್ನೈಯಲ್ಲೋ ಒಂದು ದೊಡ್ಡ ಕಟ್ಟಡದಲ್ಲಿ ಸಾಲುಸಾಲು ಭಾರೀ ಕಂಪ್ಯೂಟರ್‌ಗಳು ಇರುತ್ತವೆ. ಆಟ ಓಡುವುದು ಅಲ್ಲಿ. ನಿಮ್ಮ ಮನೆಗೆ ಬರುವುದು ಅದರ ಚಿತ್ರ ಮಾತ್ರ. ನೀವು ಇಲ್ಲಿ ಗುಂಡಿ ಒತ್ತಿದರೆ ಆ ಸುದ್ದಿ ಅಲ್ಲಿಗೆ ಹೋಗಬೇಕು, ಅಲ್ಲಿ ಕಾರು ತಿರುಗಬೇಕು, ತಿರುಗಿದ ಚಿತ್ರ ಇಲ್ಲಿಗೆ ಬರಬೇಕು. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಆಗಬೇಕು. ಒಳ್ಳೆಯ ಆಟದಲ್ಲಿ ಸೆಕೆಂಡಿಗೆ 60 ಚಿತ್ರ ಓಡುತ್ತದೆ.

ಸಿನೆಮಾ ನೋಡುವುದಕ್ಕೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ಫೋನಿನಲ್ಲಿ ಸಿನೆಮಾ ನೋಡುವಾಗ ಮುಂದಿನ ಅರ್ಧ ನಿಮಿಷದ ಚಿತ್ರ ಮೊದಲೇ ಬಂದು ಕೂತಿರುತ್ತದೆ. ತೋಟದ ಟ್ಯಾಂಕಿಯಲ್ಲಿ ನೀರು ತುಂಬಿಸಿಟ್ಟ ಹಾಗೆ. ಪಂಪು ಎರಡು ನಿಮಿಷ ನಿಂತರೂ ಸ್ಪ್ರಿಂಕ್ಲರ್ ತಿರುಗುತ್ತಲೇ ಇರುತ್ತದೆ. ಆಟದಲ್ಲಿ ಟ್ಯಾಂಕಿ ಇಲ್ಲ. ನೀವು ಎಡಕ್ಕೆ ತಿರುಗಿಸುತ್ತೀರೋ ಬಲಕ್ಕೋ ಎಂದು ಮುಂಬೈಯ ಯಂತ್ರಕ್ಕೆ ಮೊದಲೇ ಗೊತ್ತಿಲ್ಲವಲ್ಲ! ಪಂಪು ನಿಂತರೆ ನೀರು ನಿಂತಿತು. ಸಿಗ್ನಲ್ ಒಮ್ಮೆ ತಡವರಿಸಿದರೆ ಕಾರು ಗೋಡೆಗೆ.

ಇದೇನು ಹೊಸ ಕನಸಲ್ಲ. ಅಮೆರಿಕದ ಆನ್‌ಲೈವ್ ಎಂಬ ಕಂಪೆನಿ 2010ರಲ್ಲಿ ಇದನ್ನು ಜನರಿಗೆ ತೋರಿಸಿತು, 2015ರಲ್ಲಿ ಬಾಗಿಲು ಹಾಕಿತು. ಗೂಗಲ್ಲಿನಂಥ ಗೂಗಲ್ 2019ರ ನವೆಂಬರಿನಲ್ಲಿ ಸ್ಟೇಡಿಯಾ ಎಂದು ಶುರು ಮಾಡಿ 2023ರ ಜನವರಿ 18ರಂದು ಮುಚ್ಚಿತು. ಅದು ಭಾರತಕ್ಕೆ ಬರಲೇ ಇಲ್ಲ. ಮುಚ್ಚುವಾಗ ಆಟ ಕೊಂಡವರಿಗೆ ಹಣ ವಾಪಸು ಕೊಟ್ಟಿತು ಅನ್ನುವುದು ಅದರ ಮರ್ಯಾದೆ.

ನಮ್ಮ ದೇಶದಲ್ಲಿ 2021ರ ಸೆಪ್ಟೆಂಬರಿನಲ್ಲಿ ಏರ್‌ಟೆಲ್ ಕಂಪೆನಿ ದಿಲ್ಲಿ ಹತ್ತಿರದ ಮಾನೇಸರದಲ್ಲಿ 5ಜಿ ಪರೀಕ್ಷೆಗೆ ಇದೇ ಆಟವನ್ನು ಆಡಿಸಿ ತೋರಿಸಿತು. 2022ರ ಕೊನೆಗೆ ಜಿಯೋದವರ ಮೋಡದಾಟ 'ಬೀಟಾ' ಎಂಬ ಹೆಸರಿನಲ್ಲಿ ಬಂತು, ಅಂದರೆ ಇನ್ನೂ ಪರೀಕ್ಷೆಯಲ್ಲಿದೆ, ಆಡಿ ನೋಡಿ ಎಂದು. 2024ರಲ್ಲಿ ವೊಡಾಫೋನ್ ಐಡಿಯಾದವರದ್ದು ಬಂತು. 2025ರ ಜನವರಿಯಲ್ಲಿ ಎನ್ವಿಡಿಯಾ ತನ್ನದನ್ನೂ ಭಾರತಕ್ಕೆ ತರುತ್ತೇನೆಂದು ಸಾರಿತು. ಅದೇ ವರ್ಷ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಮೋಡದಾಟ ಭಾರತದಲ್ಲಿ ಶುರುವಾಯಿತು.

ಇದನ್ನು ಜೂಜು ಎಂದು ತಿಳಿಯಬೇಡಿ. ಹಣ ಕಟ್ಟಿ ಆಡುವ ಆಟಗಳನ್ನು ಕೇಂದ್ರ ಸರಕಾರ 2025ರ ಆಗಸ್ಟಿನ ಕಾಯ್ದೆಯಲ್ಲಿ ನಿಷೇಧಿಸಿದೆ. ಅದು ಬೇರೆ, ಇದು ಬೇರೆ. ಇಲ್ಲಿ ಹಣ ಕೊಡುವುದು ಆಡಲಿಕ್ಕೆ, ಗೆಲ್ಲಲಿಕ್ಕೆ ಅಲ್ಲ. ಹಿಂದೆ ಪೇಟೆಯಲ್ಲಿ ಗಂಟೆಗೆ ಇಂತಿಷ್ಟು ಎಂದು ವಿಡಿಯೋ ಗೇಮ್ ಅಂಗಡಿ ಇತ್ತಲ್ಲ, ಅದರ ಮೊಮ್ಮಗ ಇದು. ಎಂಬತ್ತು ಸಾವಿರದ ಕಂಪ್ಯೂಟರ್ ಕೊಳ್ಳಲಾಗದ ಮನೆಯ ಹುಡುಗ ತಿಂಗಳಿಗೆ ಕೆಲವು ನೂರು ಕೊಟ್ಟು ಅದೇ ಆಟ ಆಡಬಹುದಾದರೆ ಅದು ಒಳ್ಳೆಯದೇ. ಆಟ ಕೆಟ್ಟದ್ದು, ಮಕ್ಕಳು ಹಾಳಾದರು ಎಂದು ಬೊಬ್ಬೆ ಹೊಡೆಯಲಿಕ್ಕೆ ನಾನು ಈ ಅಂಕಣ ಬರೆಯುತ್ತಿಲ್ಲ. ನನ್ನ ತಕರಾರು ಆಟದ ಬಗ್ಗೆ ಅಲ್ಲ, ಆ ಏಳು ದಿನದ ಬಗ್ಗೆ.

ಮೋಡ ಬಂದರೆ ಮೋಡದಾಟ ಇಲ್ಲ

ಹುಡುಗ ಆ ಏಳು ದಿನ ಎಷ್ಟು ಆಡಿದ ಎಂದು ಕೇಳಿದೆ. "ಎರಡು ದಿನ ಮಾವ, ಅದೂ ಸರಿಯಾಗಿ ಅಲ್ಲ" ಅಂದ.

ಯಾಕೆ? ಆಷಾಢದ ಮಳೆ. ಎಲ್ಲೋ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಸಿಗ್ನಲ್ಲೂ ಇಲ್ಲ. ಮತ್ತೆ ಎರಡು ದಿನ ಕಾಲೇಜಿನ ಪರೀಕ್ಷೆ. ಉಳಿದ ಎರಡು ದಿನದಲ್ಲಿ ಚಿತ್ರ ಬರುವುದು, ನಿಲ್ಲುವುದು, ಪುನಃ ಬರುವುದು. ಸಿಟ್ಟಿನಲ್ಲಿ ಆ್ಯಪ್ ಅಳಿಸಿ ಹಾಕಿದ. ಅಲ್ಲಿಗೆ ಮುಗಿಯಿತು ಎಂದು ತಿಳಿದ.

ನೋಡಿ, ಧರ್ಮದ ಏಳು ದಿನ ಅಂದರೆ ಆಡಿದ ಏಳು ದಿನ ಅಲ್ಲ. ಹೆಸರು ಬರೆಸಿದ ಗಳಿಗೆಯಿಂದ ಗಡಿಯಾರ ಓಡುತ್ತದೆ. ಕರೆಂಟು ಇರಲಿ ಇಲ್ಲದಿರಲಿ. ಬೆಂಗಳೂರಿನವನಿಗೆ ಏಳು ದಿನ ಅಂದರೆ ಏಳು ದಿನ. ಕಾಣಿಯೂರಿನವನಿಗೆ ಅದು ಎರಡು ದಿನ. ಕಲ್ಮಕಾರು, ಕೊಲ್ಲಮೊಗ್ರು ಕಡೆಯವನಿಗೆ ಎಷ್ಟು ಎಂದು ಆ ಕಡೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ಕೇಳಿ.

ನಮ್ಮ ಸುಳ್ಯ ತಾಲೂಕಿನ ಫೋನ್ ಸಿಗ್ನಲ್ ಎಂಥದ್ದು ಎಂದು ಇಡೀ ದೇಶಕ್ಕೆ ಗೊತ್ತಾದ ದಿನ ಉಂಟು. 2021ರ ಜೂನ್ ತಿಂಗಳು, ಕೊರೋನಾ ಕಾಲ. ಗುತ್ತಿಗಾರು ಪಂಚಾಯತಿನ ಬಳ್ಳಕ್ಕದಲ್ಲಿ ರಸ್ತೆ ಬದಿ ಕೂತು ಫೋನಿನಲ್ಲಿ ಪಾಠ ಕೇಳುತ್ತಿರುವ ಹುಡುಗಿ, ಸುರಿಯುವ ಮಳೆಗೆ ಅವಳ ತಲೆ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಆ ಫೋಟೋ ಎಲ್ಲ ಪೇಪರುಗಳಲ್ಲಿ ಬಂತು. ಪಾಠಕ್ಕೆ ಬೇಕಾದದ್ದು ಸಣ್ಣ ಸಿಗ್ನಲ್, ಅದಕ್ಕೇ ರಸ್ತೆಗೆ ಬರಬೇಕಾಯಿತು. ಮೋಡದಾಟಕ್ಕೆ ಬೇಕಾದದ್ದು ಅದರ ಎಷ್ಟೋ ಪಾಲು. ಮೈಕ್ರೋಸಾಫ್ಟಿನವರು ಫೋನಿನಲ್ಲಿ ಆಡಲು ಸೆಕೆಂಡಿಗೆ 10 ಮೆಗಾಬಿಟ್ ವೇಗ ಬೇಕು ಅನ್ನುತ್ತಾರೆ. ಎನ್ವಿಡಿಯಾದವರು ಕಡಿಮೆ ಚಿತ್ರಕ್ಕೆ 15, ಒಳ್ಳೆಯ ಚಿತ್ರಕ್ಕೆ 25 ಅನ್ನುತ್ತಾರೆ.

ಬಸ್ಸಿನಲ್ಲಿ ಫೋನ್ ಹಿಡಿದು ಕೂರುವವರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. ಸೆಕೆಂಡಿಗೆ 10 ಮೆಗಾಬಿಟ್ ಪೂರ್ತಿ ಹರಿದರೆ ಗಂಟೆಗೆ ನಾಲ್ಕೂವರೆ ಜಿಬಿ ಆಯಿತು. ನಿಮ್ಮ ರೀಚಾರ್ಜಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಇದ್ದರೆ ಅದು 20 ನಿಮಿಷಕ್ಕೆ ಖಾಲಿ. ಪುತ್ತೂರಿನಲ್ಲಿ ಸುಳ್ಯದ ಬಸ್ಸು ಹತ್ತಿ ಆಟ ಶುರು ಮಾಡಿದರೆ ಕುಂಬ್ರದ ಆಸುಪಾಸಿನಲ್ಲಿ ಇಡೀ ದಿನದ ಡಾಟಾ ಮುಗಿಯುತ್ತದೆ. ಕಾವು, ಜಾಲ್ಸೂರು, ಸುಳ್ಯ ಎಲ್ಲ ಕಿಟಕಿಯಿಂದ ನೋಡಿಕೊಂಡು ಹೋಗಬೇಕು. ದಿನಕ್ಕೆ ಎರಡು ಜಿಬಿ ಇದ್ದರೆ ಇನ್ನೊಂದು ಆರೇಳು ನಿಮಿಷ ಜಾಸ್ತಿ, ಅಷ್ಟೇ. ಆಟ ಧರ್ಮಕ್ಕೆ, ಡಾಟಾ ಧರ್ಮಕ್ಕಲ್ಲ! 5ಜಿ ಇದ್ದಲ್ಲಿ ಡಾಟಾಕ್ಕೆ ಲೆಕ್ಕ ಇಲ್ಲ ಎನ್ನುವ ರೀಚಾರ್ಜುಗಳು ಉಂಟು. ಆದರೆ ಪೇಟೆ ದಾಟಿ ಗುಡ್ಡದ ಆಚೆ ಇಳಿದರೆ ಫೋನಿನ ಮೂಲೆಯಲ್ಲಿ 5ಜಿ ಹೋಗಿ 4ಜಿ ಆಗುತ್ತದೆ, 4ಜಿ ಹೋಗಿ ಬರೀ ಗೀಟು ಆಗುತ್ತದೆ. ಅದನ್ನು ನಾನು ಹೇಳಬೇಕಾಗಿಲ್ಲ.

ಕೆಲವರು ದೂರದ ನೆಪ ಹೇಳುತ್ತಾರೆ. ಮುಂಬೈ ಎಲ್ಲಿ, ಕಡಬ ಎಲ್ಲಿ, ತಡ ಆಗುವುದು ಸಹಜ ಎಂದು. ಅದು ಪೂರ್ತಿ ಸರಿಯಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸಾವಿರ ಕಿಲೋಮೀಟರ್ ಹೋಗಿ ಬರಲಿಕ್ಕೆ ಸೆಕೆಂಡಿನ ನೂರರ ಒಂದು ಪಾಲು ಸಾಕು. ಮುಂಬೈಯಿಂದ ಪುತ್ತೂರಿಗೆ ಬರುವಾಗ ಆಗುವ ತಡ ದೊಡ್ಡದಲ್ಲ. ಪುತ್ತೂರಿನಿಂದ ಭಾವನ ಅಂಗಡಿಯ ಹಿಂದಿನ ಕೋಣೆಗೆ ಬರುವಾಗ ಆಗುವ ತಡವೇ ದೊಡ್ಡದು. ನಮ್ಮೂರಿನ ರಸ್ತೆಗಳ ಹಾಗೆಯೇ. ಹೆದ್ದಾರಿ ಚಂದ ಉಂಟು, ಮನೆ ದಾರಿಯಲ್ಲಿ ಕೆಸರು.

ಅಡಿಕೆ ತುಂಡು ಮಾಡಿ ನೋಡುವ ನ್ಯಾಯ

ಈಗ ಹಣದ ವಿಷಯಕ್ಕೆ ಬರುವ. ಅಂಗಡಿಯವರೇ, ಸ್ಯಾಂಪಲ್ ಕೊಡುವುದು ನಿಮಗೆ ಹೊಸತಲ್ಲ. ಹಲ್ವದ ಅಂಗಡಿಯಲ್ಲಿ ಒಂದು ಚೂರು ಕೈಗೆ ಹಾಕುತ್ತಾರೆ. ಬಚ್ಚಂಗಾಯಿ ಮಾರುವವನು ಮೂಲೆ ಕೊಯ್ದು ಕೆಂಪು ತೋರಿಸುತ್ತಾನೆ. ಜವಳಿ ಅಂಗಡಿಯಲ್ಲಿ ಹತ್ತು ಸೀರೆ ಬಿಡಿಸಿ ಹಾಕಿ ಒಂದೂ ತೆಗೆದುಕೊಳ್ಳದೆ ಎದ್ದು ಹೋದರೂ "ಆಯ್ತಕ್ಕ, ಪುನಃ ಬನ್ನಿ" ಅನ್ನುತ್ತಾರೆ, ಒಳಗೆ ಏನು ಅಂದುಕೊಂಡರೂ. ಅಡಿಕೆ ವ್ಯಾಪಾರಿ ಗೋಣಿಯಿಂದ ನಾಲ್ಕು ಅಡಿಕೆ ತೆಗೆದು ತುಂಡು ಮಾಡಿ ಒಳಗೆ ನೋಡಿಯೇ ರೇಟು ಹೇಳುವುದು.

ಇವೆಲ್ಲದರಲ್ಲೂ ಒಂದು ನಿಯಮ ಉಂಟು. ರುಚಿ ನೋಡಿದವನು ಬಾಯಿ ಬಿಟ್ಟು "ಕೊಡಿ" ಅನ್ನಬೇಕು. ಅಲ್ಲಿಯವರೆಗೆ ವ್ಯಾಪಾರ ಆಗಿಲ್ಲ. ಹಲ್ವದ ಚೂರು ತಿಂದು ಹೋದ ಗಿರಾಕಿಯ ಮನೆಗೆ ಮರುದಿನ ಒಂದು ಕಿಲೋ ಕಟ್ಟಿ ಕಳಿಸಿ, "ನೀವು ಬೇಡ ಅನ್ನಲಿಲ್ಲವಲ್ಲ, ಹಣ ಕೊಡಿ" ಎಂದರೆ ಹೇಗಾದೀತು? ಪೇಟೆಯಲ್ಲಿ ಒಂದು ವಾರ ಅಂಗಡಿ ನಡೆದೀತೇ?

ಮೋಡದಾಟದವರ, ಅವರೊಬ್ಬರದ್ದೇ ಅಲ್ಲ, ಸಿನೆಮಾ, ಹಾಡು, ಪಾಠ ಎಲ್ಲ ಮಾರುವ ಎಷ್ಟೋ ಆ್ಯಪಿನವರ ಪದ್ಧತಿ ಇದೇ. ಧರ್ಮಕ್ಕೆ ಕೊಡುವ ಮೊದಲೇ ಕಾರ್ಡು ಅಥವಾ ಯುಪಿಐ ಕೇಳುತ್ತಾರೆ. ಬರೀ ಗುರುತಿಗೆ ಎಂದು ಒಂದೆರಡು ರೂಪಾಯಿ ತೆಗೆದು ವಾಪಸು ಹಾಕುವವರೂ ಇದ್ದಾರೆ. ಆಗ ನೀವು ಪಿನ್ ಒತ್ತುತ್ತೀರಲ್ಲ, ಅದು ಆ ಒಂದು ರೂಪಾಯಿಗೆ ಮಾತ್ರ ಅಲ್ಲ. ಮುಂದೆ ತಿಂಗಳು ತಿಂಗಳು ತೆಗೆಯಲಿಕ್ಕೆ ಕೊಟ್ಟ ಅಪ್ಪಣೆಯೂ ಹೌದು. ಎಂಟನೇ ದಿನ ನೀವು ಸುಮ್ಮನಿದ್ದರೆ ಒಪ್ಪಿದಿರಿ ಎಂದು ಅರ್ಥ. ಮೌನಂ ಸಮ್ಮತಿ ಲಕ್ಷಣಂ! ಹೆಣ್ಣು ನೋಡುವ ಶಾಸ್ತ್ರದಲ್ಲಿ ಆ ಮಾತು ನಡೆಯುತ್ತಿದ್ದ ಕಾಲವೊಂದಿತ್ತು. ವ್ಯಾಪಾರದಲ್ಲಿ ನಡೆಯಬಾರದು.

ಆ್ಯಪ್ ಅಳಿಸಿದರೆ ಆಯಿತಲ್ಲ ಎಂದು ತಿಳಿಯಬೇಡಿ. ನಮ್ಮ ಹುಡುಗ ಮಾಡಿದ ತಪ್ಪು ಇದೇ. ಆ್ಯಪ್ ಅಳಿಸಿದರೆ ಅಂಗಡಿಯ ಬೋರ್ಡು ಮಾತ್ರ ನಿಮ್ಮ ಕಣ್ಣಿನಿಂದ ಮರೆಯಾಯಿತು. ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರು ಹಾಗೆಯೇ ಉಂಟು.

ಧರ್ಮದ ರುಚಿ ಹತ್ತಿದ ಮೇಲೆ ರೇಟು ಒಂದೇ ಕಡೆ ನಿಲ್ಲುವುದೂ ಇಲ್ಲ. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದಾಗ ವರ್ಷದ ಕೊನೆಯವರೆಗೆ ಎಲ್ಲವೂ ಪುಕ್ಕಟೆ ಎಂದರು. ಆಮೇಲೆ ಅದನ್ನು 2017ರ ಮಾರ್ಚ್ 31ರವರೆಗೆ ಎಳೆದರು. ಸಿಮ್ಮಿಗೆ ಕ್ಯೂ ನಿಂತದ್ದು ನಮಗೆಲ್ಲ ನೆನಪುಂಟು. 2024ರ ಜುಲೈಯಲ್ಲಿ ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂವರೂ ಹಿಂದೆ ಮುಂದೆ ರೇಟು ಏರಿಸಿದಾಗ ಬೈದದ್ದೂ ನೆನಪುಂಟು. ಎಕ್ಸ್‌ಬಾಕ್ಸಿನವರ ದೊಡ್ಡ ಚಂದಾ ಇಲ್ಲಿ ತಿಂಗಳಿಗೆ 829 ರೂ. ಇದ್ದದ್ದು 2025ರ ಅಕ್ಟೋಬರಿನಲ್ಲಿ 1,389 ರೂ. ಆಯಿತು. ರೇಟು ಏರಿಸುವುದು ಅವರವರ ವ್ಯಾಪಾರ, ತಪ್ಪೆನ್ನುವುದಿಲ್ಲ. ಆದರೆ ಗಿರಾಕಿ ಮೈಮರೆತಿದ್ದಾಗ ಏರಿದ ರೇಟು ತಾನಾಗಿ ಕಿಸೆಯಿಂದ ಹೋಗುತ್ತದೆ ಎಂಬುದು ಗೊತ್ತಿರಲಿ.

ಕಾನೂನು ಏನು ಹೇಳುತ್ತದೆ?

ಮೊದಲು ನಾನು ತಪ್ಪು ನಮ್ಮದೇ ಅಂದುಕೊಂಡೆ. ಯಾಕೆಂದರೆ ರಿಸರ್ವ್ ಬ್ಯಾಂಕಿನ ನಿಯಮ ಸರಿಯಾಗಿಯೇ ಉಂಟು. ಹೀಗೆ ತಾನಾಗಿ ಹೋಗುವ ಹಣಕ್ಕೆ 24 ಗಂಟೆ ಮೊದಲು ಗ್ರಾಹಕನಿಗೆ ಸುದ್ದಿ ಕೊಡಬೇಕು, ಬೇಡ ಎಂದರೆ ತಡೆಯಲು ಅವಕಾಶ ಕೊಡಬೇಕು. 2021ರ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಭಾವನ ಫೋನು ತೆಗೆದು ನೋಡಿದೆ. ಹೌದು, ಮೆಸೇಜು ಬಂದಿತ್ತು! ಎರಡು ತಿಂಗಳೂ ಬಂದಿತ್ತು. ಇಂಗ್ಲಿಷಿನಲ್ಲಿ. ಅದರ ಮೇಲೆ ಅಡಿಕೆ ಧಾರಣೆಯ ಮೆಸೇಜು, ಕೆಳಗೆ ಸಾಲ ಬೇಕಾ ಎಂಬ ಮೆಸೇಜು, ನಡುವೆ ಗಿರಾಕಿಗಳು ಹತ್ತು, ಇಪ್ಪತ್ತು ರೂಪಾಯಿ ಹಾಕಿದ ಮೆಸೇಜುಗಳ ರಾಶಿ. ದಿನಕ್ಕೆ ನೂರು ಮೆಸೇಜು ಬರುವ ಅಂಗಡಿಯವನಿಗೆ ನೂರಾ ಒಂದನೆಯದ್ದು ಕಾಣುತ್ತದೆಯೇ? ಕಂಡರೂ ಆ ಇಂಗ್ಲಿಷ್ ಹೆಸರು ಮಗ ಆಡಿದ ಆಟದ್ದು ಎಂದು ಅಪ್ಪನಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಇನ್ನೊಂದು ಕಡೆ ಹುಡುಕಿದೆ. ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಒಂದು ಮಾರ್ಗಸೂಚಿ ಹೊರಡಿಸಿದೆ. ಆ್ಯಪುಗಳಲ್ಲಿ, ಅಂತರ್ಜಾಲದ ಅಂಗಡಿಗಳಲ್ಲಿ ಗ್ರಾಹಕರನ್ನು ಬಲೆಗೆ ಹಾಕುವ 13 ಬಗೆಯ ತಂತ್ರಗಳನ್ನು ಅದರಲ್ಲಿ ಪಟ್ಟಿ ಮಾಡಿ, ಇವು ಕೂಡದು ಎಂದಿದೆ. ಅದರಲ್ಲಿ ಒಂದು ಚಂದಾ ಬಲೆ. ಚಂದಾ ನಿಲ್ಲಿಸುವ ದಾರಿಯನ್ನು ಅಡಗಿಸಿಡುವುದು, ನಿಲ್ಲಿಸುವುದನ್ನು ಸುತ್ತುಬಳಸು ಮಾಡುವುದು ಬಲೆ. ಅಷ್ಟೇ ಅಲ್ಲ, ಪುಕ್ಕಟೆ ಚಂದಾ ಕೊಡಲಿಕ್ಕೆ ಹಣ ಪಾವತಿಯ ವಿವರ ಕೊಡಲೇಬೇಕು, ತಾನಾಗಿ ಹಣ ತೆಗೆಯಲು ಅಪ್ಪಣೆ ಕೊಡಲೇಬೇಕು ಎಂದು ಒತ್ತಾಯ ಮಾಡುವುದೂ ಬಲೆಯೇ!

ಓದಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಹಾಗಾದರೆ ಪುಕ್ಕಟೆ ಏಳು ದಿನಕ್ಕೆ ಯುಪಿಐ ಕೇಳುವುದೇ ಕೂಡದು ಎಂದಾಯಿತಲ್ಲ. ನಿಯಮ ಬಂದು ವರ್ಷಗಳೇ ಕಳೆದವು, ಕೇಳುವುದು ನಿಂತಿಲ್ಲ. ನಿಯಮ ದಿಲ್ಲಿಯಲ್ಲಿ ಉಂಟು, ಬಲೆ ಕಾಣಿಯೂರಿನಲ್ಲಿ ಉಂಟು.

ಇನ್ನೊಂದು ಮಾತು. ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಕರಾರು ಮಾಡುವಂತಿಲ್ಲ. ಈ ಹುಡುಗನಿಗೆ 17. ಅಂಗಡಿಗೆ ಬಂದ ಹುಡುಗನಿಗೆ ಸಾಲ ಕೊಡುವ ಮೊದಲು ನೀವು "ಅಪ್ಪನ ಹತ್ತಿರ ಕೇಳಿದ್ದೀಯಾ?" ಅನ್ನುತ್ತೀರಿ. ಫೋನಿನಲ್ಲಿ ಕೇಳುವವರು ಯಾರು? 'ನನಗೆ 18 ಆಗಿದೆ' ಎನ್ನುವ ಚೌಕಕ್ಕೆ ಒಂದು ಟಿಕ್ಕು ಹಾಕಿದರೆ ಮುಗಿಯಿತು.

ಹಾಗಾದರೆ ಮಾಡುವುದೆಂತ?

ಧರ್ಮದ ದಿನಗಳನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಸರಿಯಾಗಿ ಉಪಯೋಗಿಸಿದರೆ ಅದರಷ್ಟು ಒಳ್ಳೆಯ ಅನುಕೂಲ ಬೇರೆ ಇಲ್ಲ. ಆದರೆ ಒಂದು ತಿಳಿದುಕೊಳ್ಳಿ. ಈ ಏಳು ದಿನದಲ್ಲಿ ಪರೀಕ್ಷೆ ಮಾಡಬೇಕಾದದ್ದು ಆಟವನ್ನಲ್ಲ. ಆಟ ಚೆನ್ನಾಗಿಯೇ ಇರುತ್ತದೆ, ಕೋಟಿಗಟ್ಟಲೆ ಸುರಿದು ಮಾಡಿದ್ದು. ಪರೀಕ್ಷೆ ಮಾಡಬೇಕಾದದ್ದು ನಿಮ್ಮ ಮನೆಯ ಸಿಗ್ನಲ್ಲನ್ನು.

ಪೇಟೆಯ ಗೆಳೆಯನ ಮನೆಯಲ್ಲಿ ಆಡಿ ಗಮ್ಮತ್ತಾಯಿತು ಎಂದು ಹೇಳಬೇಡಿ. ನಿಮ್ಮ ಮನೆಯಲ್ಲಿ, ರಾತ್ರಿ ಎಂಟು ಗಂಟೆಗೆ, ಊರಿನವರೆಲ್ಲ ಧಾರಾವಾಹಿ, ಕ್ರಿಕೆಟ್ ನೋಡುವ ಹೊತ್ತಿಗೆ ಆಡಿ ನೋಡಿ. ಒಂದು ಮಳೆ ಬಂದ ದಿನ ಆಡಿ ನೋಡಿ. ಒಂದು ಗಂಟೆ ಆಡಿ ಎಷ್ಟು ಡಾಟಾ ಹೋಯಿತೆಂದು ಫೋನಿನಲ್ಲೇ ನೋಡಿ. ಈ ಮೂರರಲ್ಲಿ ಪಾಸಾದರೆ ಚಂದಾ ಕಟ್ಟುವ ಯೋಚನೆ ಮಾಡಬಹುದು. ಹೆಸರು ಬರೆಸುವುದು ಬೇಸಗೆ ರಜೆಯಲ್ಲಾದರೆ ಇನ್ನೂ ಒಳ್ಳೆಯದು, ಜೂನ್, ಜುಲೈ ಬೇಡವೇ ಬೇಡ.

ಹೆಸರು ಬರೆಸಿದ ದಿನವೇ ಗೋಡೆಯ ಪಂಚಾಂಗದಲ್ಲಿ ಆರನೇ ದಿನಕ್ಕೆ ಗುರುತು ಹಾಕಿ. ಚಂದಾ ನಿಲ್ಲಿಸಿದರೂ ಉಳಿದ ದಿನ ಆಡಲು ಬಿಡುವವರು ಇದ್ದಾರೆ, ಆ ಕ್ಷಣವೇ ಬಾಗಿಲು ಹಾಕುವವರೂ ಇದ್ದಾರೆ. ಯಾವುದೆಂದು ಮೊದಲೇ ಓದಿ. ಅಂಗಡಿಯವರು ವಾರಕ್ಕೊಮ್ಮೆ ಯುಪಿಐ ಆ್ಯಪಿನಲ್ಲಿ 'ಆಟೋಪೇ' ಎಂಬ ಜಾಗ ತೆರೆದು ನೋಡಿ. ಯಾರ್‍ಯಾರಿಗೆ ಅಪ್ಪಣೆ ಕೊಟ್ಟಿದ್ದೀರಿ ಎಂದು ಅಲ್ಲಿ ಪಟ್ಟಿ ಇರುತ್ತದೆ, ಬೇಡದ್ದನ್ನು ಅಲ್ಲಿಯೇ ರದ್ದು ಮಾಡಬಹುದು. ಕಾರ್ಡು ಕೊಟ್ಟಿದ್ದರೆ ಬ್ಯಾಂಕಿನ ಆ್ಯಪಿನಲ್ಲೋ ಶಾಖೆಯಲ್ಲೋ ಕೇಳಿ. ಎಲ್ಲಕ್ಕಿಂತ ಮುಖ್ಯ, ಅಂಗಡಿಯ ವ್ಯಾಪಾರದ ಖಾತೆಯನ್ನು ಮನೆಯ ಆಟಕ್ಕೆ, ಸಿನೆಮಾಕ್ಕೆ ಜೋಡಿಸಲೇಬೇಡಿ. ಬೇಕಾದರೆ ಐನೂರು ರೂಪಾಯಿ ಹಾಕಿದ ಬೇರೆ ಸಣ್ಣ ಖಾತೆ ಇರಲಿ. ಮೋಸ ಆಗಿದೆ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1915 ಒತ್ತಿ ದೂರು ಕೊಡಿ.

ಇದು ನಾವು ಮಾಡಬೇಕಾದದ್ದು. ಕಂಪೆನಿಯವರು ಮಾಡಬೇಕಾದದ್ದೂ ಉಂಟು, ಅದೇನೂ ಕಷ್ಟದ್ದಲ್ಲ. ಧರ್ಮದ ಕಾಲವನ್ನು ದಿನದಲ್ಲಿ ಅಳೆಯಬೇಡಿ, ಆಡಿದ ಗಂಟೆಯಲ್ಲಿ ಅಳೆಯಿರಿ. ಹತ್ತು ಗಂಟೆ ಆಟ ಧರ್ಮಕ್ಕೆ ಎಂದರೆ ಕರೆಂಟು ಹೋದವನಿಗೂ ನ್ಯಾಯ, ಇದ್ದವನಿಗೂ ನ್ಯಾಯ. ಗಂಟೆ ಮುಗಿದ ಮೇಲೆ ಬಾಯಿಬಿಟ್ಟು ಕೇಳಿ, "ಮುಂದುವರಿಸಬೇಕಾ?" ಎಂದು. ಕನ್ನಡದಲ್ಲಿ ಕೇಳಿ. ಬೇಕು ಅಂದರೆ ಹಣ ತೆಗೆದುಕೊಳ್ಳಿ, ಸುಮ್ಮನಿದ್ದರೆ ಬಾಗಿಲು ಹಾಕಿ. ಜಾಹೀರಾತು ಮಾಡಲಿಕ್ಕೆ ಕನ್ನಡ ಬರುತ್ತದೆ, ಹಣ ತೆಗೆಯುವಾಗ ಮಾತ್ರ ಇಂಗ್ಲಿಷ್ ಯಾಕೆ ಸ್ವಾಮಿ?

ಕೊನೆಗೆ ಏನಾಯಿತು?

ಆ ಆದಿತ್ಯವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವರೂ ಕೂತೆವು. ನಾನು ಫೋನಿನಲ್ಲಿ ಆಟೋಪೇ ಪಟ್ಟಿ ತೆರೆದೆ. ಆ ಹೆಸರು ಕಂಡಿತು. ಹುಡುಗ ನೋಡಿ, "ಅಯ್ಯೋ, ಇದನ್ನು ನಾನು ಅಂದೇ ಅಳಿಸಿದ್ದೇನೆ ಮಾವ" ಅಂದ. ಅವನ ಮುಖ ನೋಡಿದರೆ ಸುಳ್ಳು ಹೇಳುತ್ತಿಲ್ಲ ಎಂದು ಯಾರಿಗಾದರೂ ಗೊತ್ತಾಗಬೇಕು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೇಳಿ ಮಾಡಬೇಕಿತ್ತು ನೀನು" ಅಂದ. ಹುಡುಗ, "ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ ಅಪ್ಪ" ಅಂದ. ಅದೂ ಸುಳ್ಳಲ್ಲ.

ರದ್ದು ಮಾಡಿದೆವು. ಕಂಪೆನಿಗೆ ಬರೆದೆವು. ಆಡದ ಎರಡು ತಿಂಗಳ ಹಣ ವಾಪಸು ಬರಲಿಲ್ಲ. ಸಾವಿರ ರೂಪಾಯಿಯ ಹತ್ತಿರ ಹೋಯಿತು. ಸಾವಿರಕ್ಕೆ ಅಂಗಡಿ ಮುಳುಗುವುದಿಲ್ಲ. ಆದರೆ ಆ ಒಂದು ವಾರ ಅಪ್ಪ ಮಗನನ್ನು ಕಳ್ಳ ಅಂದುಕೊಂಡನಲ್ಲ, ಅದರ ಬಿಲ್ಲು ಯಾರಿಗೆ ಕಳಿಸುವುದು?

ದಸರಾ ರಜೆಗೆ ಹುಡುಗ ಪುತ್ತೂರಿನ ನನ್ನ ಮನೆಗೆ ಬಂದ. ಇಲ್ಲಿ ಫೈಬರ್ ತಂತಿಯ ಇಂಟರ್‌ನೆಟ್ಟು ಉಂಟು. ಇನ್ನೊಂದು ಕಂಪೆನಿಯದ್ದು, ಯುಪಿಐ ಕೇಳದೆ ಸ್ವಲ್ಪ ಹೊತ್ತು ಆಡಲು ಬಿಡುವಂಥದ್ದು ಹುಡುಕಿ ಆಡಿ ನೋಡಿದ. ಕಾರು ಗೋಡೆಗೆ ಹೊಡೆಯಲಿಲ್ಲ, ಚೆನ್ನಾಗಿಯೇ ಓಡಿತು. ಬಹಳ ಖುಷಿಪಟ್ಟ. ಚಂದಾ ಕಟ್ಟುತ್ತೀಯಾ ಎಂದು ಕೇಳಿದೆ. "ಬೇಡ ಮಾವ, ಆಟ ಒಳ್ಳೆಯದುಂಟು, ನಮ್ಮಲ್ಲಿಗೆ ತಂತಿ ಬಂದ ಮೇಲೆ ನೋಡುವ" ಅಂದ. ಹದಿನೇಳರ ಹುಡುಗ ಹೇಳಿದ ಈ ಮಾತಿನಲ್ಲಿ ಇಡೀ ವ್ಯಾಪಾರದ ತೀರ್ಪು ಉಂಟು ಎಂದು ನನಗೆ ಅನಿಸಿತು.

ಪಂಚಾಯತು ಪಂಚಾಯತಿಗೆ ಗಾಜಿನ ತಂತಿ ಎಳೆಯುವ ಕೇಂದ್ರದ ಯೋಜನೆಗೆ 2011ರಲ್ಲೇ ಮಂಜೂರಾತಿ ಸಿಕ್ಕಿದೆ. ಪಂಚಾಯತ್ ಕಚೇರಿಯ ತನಕ ಬಂದ ತಂತಿ ಅಲ್ಲಿಂದ ಮನೆಯ ತನಕ ಬರುವುದು ಯಾವಾಗ? ಚಂದಾ ಬಲೆಯ ನಿಯಮ ಪುಸ್ತಕದಿಂದ ಫೋನಿಗೆ ಇಳಿಯುವುದು ಯಾವಾಗ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅವರು ಹರಿಸುವ ತನಕ, ಅಂಗಡಿಯವರೇ, ಇವತ್ತು ರಾತ್ರಿ ಶಟರ್ ಎಳೆಯುವ ಮೊದಲು ಆ ಆಟೋಪೇ ಪಟ್ಟಿ ಒಮ್ಮೆ ತೆರೆದು ನೋಡಿ. ಮಗನನ್ನು ಬೈಯುವುದು ಆಮೇಲೆ.